ಪಾರ್ಸ್ಲಿ ಪಾತಿಗೆ ಬಿದ್ದ ಕೈಗಳು

ಸೊಸೆ ಪಾರ್ಸ್ಲಿಯನ್ನೇ ಆರಿಸಿಕೊಂಡಿದ್ದಕ್ಕೆ ಒಂದೇ ಕಾರಣ: ಆ ಮನೆಯಲ್ಲಿ ಅದರ ಬಗ್ಗೆ ಯಾರಿಗೂ ಏನೂ ಗೊತ್ತಿರಲಿಲ್ಲ.

ಟೊಮೆಟೊ ಎಂದಿದ್ದರೆ ಅತ್ತೆಯ ಬಳಿ ಒಂದು ಸಲಹೆ ಇರುತ್ತಿತ್ತು. ಮೆಣಸಿನ ಗಿಡ ಎಂದಿದ್ದರೆ ಮಾವನ ಬಳಿ ಎರಡು. ಗುಲಾಬಿ ಎಂದು ಬಾಯಿ ತಪ್ಪಿ ಅಂದಿದ್ದರೂ ಸಾಕಿತ್ತು, ಕ್ಷೌರದಂಗಡಿ ಇಟ್ಟಿರುವ ಮೈದುನ ತನ್ನ ಕೈಗೆ ತಲೆ ಕೊಟ್ಟ ಗಿರಾಕಿಗಳೆಲ್ಲರ ತಲೆಯೊಳಗಿನದನ್ನೂ ಗುಡಿಸಿ ಸಂಜೆ ಮನೆಗೆ ಹೊತ್ತು ತರುತ್ತಿದ್ದ. ಗಂಡನದೊಬ್ಬನದೇ ಮಾತು ಕಡಿಮೆ. ಬೇಕರಿಯಲ್ಲಿ ಸೌದೆ ಒಲೆ ನೋಡಿಕೊಳ್ಳುವವನು. ಹುಬ್ಬಿನ ಮೇಲೆ ಬೂದಿ ಹೊತ್ತು ಮಧ್ಯಾಹ್ನ ಬಂದರೆ ಉಂಡು ಮಲಗುವವನು. ಆದರೆ ಬಾಯಿ ಸುಮ್ಮನಿದ್ದವರ ಕೈಯೂ ಸುಮ್ಮನಿರುತ್ತದೆ ಎಂದು ನಂಬುವ ಹಾಗಿರಲಿಲ್ಲ, ಆ ಮನೆಯಲ್ಲಿ.

ಒಲೆಯ ಮೇಲೆ ಪಾತ್ರೆ ಇಟ್ಟರೆ ಅದರ ಮುಂದೆ ಹಾದುಹೋದವರೆಲ್ಲ ಮುಚ್ಚಳ ಎತ್ತಿ ಒಂದು ಚಿಟಿಕೆ ಉಪ್ಪು ಉದುರಿಸಿಯೇ ಹೋಗುತ್ತಿದ್ದರು. ಪ್ರೀತಿಯಿಂದಲೇ. ಪಾಪ, ಸೊಸೆ ಮರೆತಿರಬಹುದು ಎಂದು. ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಮಾಡಿದ ಅಡುಗೆಯೆಲ್ಲ ಸಮುದ್ರದ ನೀರಾಗುತ್ತಿತ್ತು. ಎಲ್ಲರೂ ಚಪ್ಪರಿಸಿಕೊಂಡು ಉಂಡು ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದರು. ಆಮೇಲೆ ಅವಳು ಉಪ್ಪು ಮುಟ್ಟದೆಯೇ ಅಡುಗೆ ಮಾಡುವುದನ್ನು ಕಲಿತಳು. ಉಪ್ಪು ತಾನಾಗಿಯೇ ಬಂದು ಬೀಳುತ್ತಿತ್ತು, ಹದವಾಗಿ.

ಅವಳಿಗೆ ಕೆಲಸ ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ. ಹಿಂಬಾಗಿಲಿಗೆ ಬಂದಿಳಿಯುವ ತರಕಾರಿಯ ಕ್ರೇಟುಗಳನ್ನು ಬಗ್ಗಿ ನೋಡಿ, ಕೊಳೆತದ್ದನ್ನು ಎತ್ತಿ ಆಚೆ ಇಡುವುದು. ಮೇಲಿನ ಸಾಲು ಚೆನ್ನಾಗಿದ್ದು ಅಡಿಯದು ಕೊಳೆತಿದ್ದರೆ ಮುಚ್ಚಿದ ಕ್ರೇಟಿನ ವಾಸನೆಯಲ್ಲೇ ಹಿಡಿಯುತ್ತಿದ್ದಳು. ಮೈದುನ ಅವಳನ್ನು ಇನ್ಸ್‌ಪೆಕ್ಟರಮ್ಮ ಎಂದು ಕರೆಯುತ್ತಿದ್ದುದು ಅದಕ್ಕೇ. ದಿನವಿಡೀ ಟ್ಯೂಬ್‌ಲೈಟಿನ ಕೆಳಗೆ ನಿಂತು ಬಂದರೆ ಮನೆಯಲ್ಲಿ ಮೂರು ಕೋಣೆ, ಐದು ಜನ. ನಿಜ ಹೇಳಬೇಕೆಂದರೆ ಅವಳಿಗೆ ಬೇಕಾಗಿದ್ದು ಪಾರ್ಸ್ಲಿಯೂ ಅಲ್ಲ. ಬೇಕಾಗಿದ್ದು ತಲೆ ಮೇಲೆ ಆಕಾಶ ಇರುವ, ತಾನು ಮಾಡಿದ್ದು ತಾನು ಮಾಡಿದ ಹಾಗೇ ಉಳಿಯುವ ಒಂದಿಷ್ಟು ನೆಲ.

ಆ ನೆಲ ಹಿತ್ತಲಿನಲ್ಲಿತ್ತು. ಬಚ್ಚಲ ಗೋಡೆಗೂ ಕಾಂಪೌಂಡಿಗೂ ನಡುವೆ, ಹರಕು ಬಕೆಟ್ಟು, ಒಡೆದ ಹೆಂಚು, ಯಾರದೋ ಕಾಲದ ಮುರುಕು ಕುರ್ಚಿ ಬಿದ್ದಿದ್ದ ಜಾಗ. ಮಹಡಿ ಮೇಲಿದ್ದ ಮನೆ ಒಡತಿಗೆ ಅದರ ಮೇಲೆ ಬೇರೆ ಕಣ್ಣಿತ್ತು.

"ನೋಡಮ್ಮಾ," ಎಂದಿದ್ದರು ಆಕೆ ಮೆಟ್ಟಿಲ ಮೇಲಿಂದಲೇ, "ಪಕ್ಕದವರ ಗೋಡೆ ಕಟ್ತಾ ಇದಾನಲ್ಲ ಗಾರೆ ಮೇಸ್ತ್ರಿ, ಅದು ಮುಗೀತಿದ್ದ ಹಾಗೆ ಇಲ್ಲಿಗೂ ಸಿಮೆಂಟ್ ಹಾಕು ಅಂದಿದೀನಿ. ಅಳಿಯ ಬಂದರೆ ಸ್ಕೂಟರ್ ನಿಲ್ಲಿಸೋಕೆ ಜಾಗ ಆಗುತ್ತೆ."

"ನಾನು ಅಲ್ಲೊಂದು ಪಾತಿ ಮಾಡೋಣ ಅಂತಿದ್ದೆ."

"ಎಷ್ಟು ಜನ ಹೀಗೇ ಹೇಳಿ ಬಿಟ್ಟು ಹೋದರು. ಆಗಲಿ. ಗೋಡೆ ಮುಗಿಯೋದರೊಳಗೆ ಅಲ್ಲಿ ಹಸಿರು ಕಂಡರೆ ನಾನು ಮುಟ್ಟಲ್ಲ. ಕಾಣದಿದ್ರೆ ನನ್ನ ಹತ್ರ ಮುಖ ಸಣ್ಣ ಮಾಡ್ಕೊಂಡು ಬರಬೇಡ."

ಅವಳು ಅಂದೇ ಗುದ್ದಲಿ ಹಿಡಿದಳು. ಮೇಲಿನ ನೆಲ ಕಲ್ಲಿನಂತಿತ್ತು. ನೀರು ಚಿಮುಕಿಸಿ, ಒಂದು ಹಗಲು ನೆನೆಯಲು ಬಿಟ್ಟು ಅಗೆದಳು. ಪಾರ್ಸ್ಲಿಯ ಬೇರು ಮೂಲಂಗಿಯ ಹಾಗೆ ನೆಟ್ಟಗೆ ಕೆಳಕ್ಕೆ ಇಳಿಯುತ್ತದೆ, ಕಲ್ಲು ಸಿಕ್ಕಿದರೆ ಸೊಟ್ಟಗಾಗಿ ಮುನಿಸಿಕೊಳ್ಳುತ್ತದೆ ಎಂದು ಹೋಟೆಲಿನ ಅಡುಗೆ ಭಟ್ಟ ಹೇಳಿದ್ದ. ಹಾಗಾಗಿ ಮೊಣಕೈ ಮುಳುಗುವಷ್ಟು ಆಳಕ್ಕೆ ಹೋದಳು. ಹೆಂಚಿನ ಚೂರು, ತುಕ್ಕು ಮೊಳೆ, ಒಂದು ಗಾಜಿನ ಗೋಲಿ, ಒಂದೇ ಒಂದು ಕಾಲಿನ ಚಪ್ಪಲಿ ಎಲ್ಲ ಮೇಲೆ ಬಂದವು. ಹೆಂಟೆಗಳನ್ನು ಕೈಯಿಂದಲೇ ಪುಡಿ ಮಾಡಿ, ಹಳೆಯ ಜರಡಿಯಲ್ಲಿ ಜಾಲಿಸಿದಳು. ಹೋಟೆಲಿನ ಹಿಂದೆ ಡ್ರಮ್ಮಿನಲ್ಲಿ ತಿಂಗಳುಗಟ್ಟಲೆ ಕಳಿತು ಕಪ್ಪಾಗಿದ್ದ ಸೊಪ್ಪು ಸಿಪ್ಪೆಯ ಗೊಬ್ಬರವನ್ನು ಚೀಲದಲ್ಲಿ ತುಂಬಿ ತಂದು, ಮೂಸಿ ನೋಡಿ, ಇನ್ನೂ ಹುಳಿ ವಾಸನೆ ಇದ್ದದ್ದನ್ನು ಹಿಂದಕ್ಕೆ ಕಳಿಸಿ, ಒಳ್ಳೆಯ ಮಣ್ಣಿನ ವಾಸನೆ ಬರುವುದನ್ನಷ್ಟೇ ಬೆರೆಸಿದಳು. ಮೂರು ಪಾಲು ಮಣ್ಣಿಗೆ ಒಂದು ಪಾಲು ಗೊಬ್ಬರ, ಅದಕ್ಕಿಂತ ಒಂದು ಹಿಡಿ ಹೆಚ್ಚಿಲ್ಲ. ಕೊನೆಗೆ ಮುಷ್ಟಿಯಲ್ಲಿ ಹಿಸುಕಿ ನೋಡಿದಳು. ಉಂಡೆಯಾಗಿ ನಿಂತಿತು, ಹೆಬ್ಬೆರಳು ತಾಕಿಸಿದರೆ ಸದ್ದಿಲ್ಲದೆ ಉದುರಿತು.

ಮನೆಯವರೆಲ್ಲ ಹಿತ್ತಲ ಬಾಗಿಲಲ್ಲಿ ಸಾಲಾಗಿ ನಿಂತು ನೋಡಿದರು.

"ಕೊತ್ತಂಬರಿ ಥರಾನೇನಮ್ಮ ಅದು?" ಅತ್ತೆ ಕೇಳಿದರು.

"ಅಲ್ಲ ಅತ್ತೆ. ನೋಡೋಕೆ ಸ್ವಲ್ಪ ಹಾಗೆ. ರುಚಿ ಬೇರೆ."

"ಕೊತ್ತಂಬರಿಗಾದ್ರೆ ನಾನು..." ಎಂದು ಶುರು ಮಾಡಿದ ಅತ್ತೆ, ಇದು ಕೊತ್ತಂಬರಿ ಅಲ್ಲವಲ್ಲ ಎಂದು ನೆನಪಾಗಿ ಬಾಯಿ ಮುಚ್ಚಿಕೊಂಡರು. ಮಾವ ಬಸ್ ಕಂಡಕ್ಟರ್ ಆಗಿದ್ದವರು, ಬಾಗಿಲಲ್ಲಿ ನಿಲ್ಲುವುದು ರೂಢಿ. ಗಂಟಲು ಸರಿಮಾಡಿಕೊಂಡರು, ಏನೂ ತೋಚದೆ "ರೈಟ್" ಎಂದಷ್ಟೇ ಹೇಳಿ ಒಳಗೆ ಹೋದರು. ಸೊಸೆಗೆ ಒಳಗೊಳಗೇ ಹಬ್ಬ. ಬೀಜವನ್ನು ಬೆಚ್ಚನೆಯ ನೀರಿನಲ್ಲಿ ನೆನೆಹಾಕಿ, ಬಿತ್ತಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ, ಒದ್ದೆ ಗೋಣಿತಾಟು ಹೊದಿಸಿದಳು. ಇದು ಅವಸರದ ಬೀಜವಲ್ಲ, ವಾರಗಟ್ಟಲೆ ಕಾಯಿಸುತ್ತದೆ ಎಂದು ಮನೆಯವರಿಗೂ ಹೇಳಿಟ್ಟಳು. ಹೇಳಬಾರದಿತ್ತು.

ಏಕೆಂದರೆ ಕಾಯುವುದು ಆ ಮನೆಯವರಿಂದ ಆಗುವ ಕೆಲಸವಲ್ಲ.

ಗೋಣಿತಾಟಿನ ಕೆಳಗೆ ಮೊದಲ ಮೊಳಕೆಗಳು ಕಂಡ ಬೆಳಗ್ಗೆ ಅವಳು ಕಾಲು ನೆಲಕ್ಕೆ ತಾಗದೆ ಕೆಲಸಕ್ಕೆ ಹೋದಳು. ಮರುದಿನ ನೋಡಿದರೆ ಅವುಗಳ ತುದಿ ಕಂದಾಗಿತ್ತು. ಅದರ ಮರುದಿನ ಅಷ್ಟೂ ಅಡ್ಡಬಿದ್ದಿದ್ದವು, ಬೆಂಕಿ ಸೋಕಿದ ಕೂದಲಿನ ಹಾಗೆ ಮುರುಟಿಕೊಂಡು. ಬಗ್ಗಿದಳು. ಮೂಸಿದಳು. ಅವಳು ತಂದ ಗೊಬ್ಬರಕ್ಕೆ ಈ ವಾಸನೆ ಇರಲಿಲ್ಲ. ಮೂಗಿನ ಒಳಗೆ ಚುಚ್ಚುವಂಥದ್ದು. ಬೆರಳಿನಿಂದ ಕೆದಕಿದಳು: ಒಂದು ಪದರ ಬೂದಿ. ಅದರ ಕೆಳಗೆ ಮೊಟ್ಟೆ ಸಿಪ್ಪೆಯ ಪುಡಿ. ಇನ್ನೂ ಕೆಳಗೆ ಕೈಗೆ ಏನೋ ಸುತ್ತಿಕೊಂಡಿತು. ಎಳೆದರೆ ಕರಿ, ಬಿಳಿ, ಕೆಂಚು ಎಲ್ಲ ಬಣ್ಣದ ಕೂದಲಿನ ಒಂದು ಮುದ್ದೆ. ಇದೆಲ್ಲದರ ನಡುವೆ ಅಂಟಂಟಾಗಿ, ಹಸಿ ಹಸಿಯಾಗಿ, ಕೋಳಿ ಹಿಕ್ಕೆ.

ಅವಳು ಯಾರಿಗೂ ಏನೂ ಹೇಳಲಿಲ್ಲ. ರಜೆಯ ದಿನ ಬಂದಾಗ ತಲೆನೋವು ಎಂದು ಹೇಳಿ ಬಚ್ಚಲಿಗೆ ಹೋಗಿ, ಬಕೆಟ್ಟು ಬೋರಲು ಹಾಕಿಕೊಂಡು ಅದರ ಮೇಲೆ ನಿಂತು, ಗವಾಕ್ಷಿಯಿಂದ ಪಾತಿಯ ಕಡೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು.

ಮೊದಲು ಬಂದವನು ಮೈದುನ. ಅಂಗಡಿಯ ಚೀಲ ಹಿಡಿದು, ಹಿಂದೆ ಮುಂದೆ ನೋಡಿ, ಗೋಣಿಯ ಅಂಚೆತ್ತಿ ಒಂದು ಹಿಡಿ ಕೂದಲು ತುರುಕಿ, ಶಿಳ್ಳೆ ಹಾಕುತ್ತಾ ಹೋದ. ಅವನ ಬೆನ್ನಿಗೇ ಅತ್ತೆ, ಸೆರಗಿನೊಳಗೆ ಮೊಟ್ಟೆ ಸಿಪ್ಪೆ. ಪಾತಿಗೆ ಉದುರಿಸಿ, ಎಳೆ ಮಗುವಿನ ತಲೆ ಸವರಿದ ಹಾಗೆ ಗೋಣಿಯನ್ನು ಸವರಿದರು. ಮಧ್ಯಾಹ್ನ ಗಂಡ ಬಂದ. ಬೂದಿಯ ಡಬ್ಬ ಹಿಡಿದು ಬಂದವನು ಮಲಗುವ ಮೊದಲು ಅದನ್ನು ಕೊಡವಿ, ತನ್ನ ಹುಬ್ಬಿನ ಮೇಲಿದ್ದದ್ದನ್ನೂ ಒರೆಸಿ ಅದರ ಮೇಲೇ ಉದುರಿಸಿದ. ಕೊನೆಗೆ ಮಾವ, ಮುಚ್ಚಿದ ಟಿಫಿನ್ ಡಬ್ಬಿಯೊಂದಿಗೆ.

ಅಲ್ಲಿಗೆ ಅವಳಿಗೆ ತಡೆಯಲಾಗಲಿಲ್ಲ. "ಮಾವ, ಡಬ್ಬಿಯಲ್ಲಿ ಏನದು?"

ಗವಾಕ್ಷಿಯೊಳಗಿಂದ ದನಿ ಬಂದದ್ದಕ್ಕೆ ಮಾವ ಆಕಾಶ ನೋಡಿದರು. ಆಮೇಲೆ ಬಚ್ಚಲು. "ಏನಿಲ್ಲಮ್ಮ. ನನ್ನ ಜೊತೆ ಡ್ರೈವರ್ ಆಗಿದ್ದವನು ಈಗ ಕೋಳಿ ಸಾಕಿದಾನೆ. ಒಳ್ಳೇ ಗಟ್ಟಿ ಮಾಲು. ಬಿಸಿ ಬಿಸಿ."

"ಅದಕ್ಕೇ ಸುಟ್ಟಿರೋದು."

"ಏನು?"

"ಗಿಡ, ಮಾವ. ಗಿಡ ಸುಟ್ಟುಹೋಗಿದೆ."

ಊಟಕ್ಕೆ ಕೂತಾಗ ವಿಷಯ ಹೊರಬಿತ್ತು. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಪ್ರತಿಯೊಬ್ಬರೂ ತಾವೊಬ್ಬರೇ ಗುಟ್ಟಾಗಿ ಉಪಕಾರ ಮಾಡುತ್ತಿದ್ದೇವೆ ಎಂದುಕೊಂಡಿದ್ದರು.

"ನೀನು ಅಷ್ಟು ಕಷ್ಟಪಟ್ಟು ಅಗೆದಿದ್ದೆಯಲ್ಲ," ಎಂದ ಗಂಡ ತಟ್ಟೆ ನೋಡುತ್ತಾ. ಅವನ ಮಟ್ಟಿಗೆ ಅದು ಭಾಷಣ.

"ಕೂದಲು ಗೊಬ್ಬರಾನೇ ಅತ್ತಿಗೆ, ಬೇಕಾದ್ರೆ ಯಾರನ್ನಾದ್ರೂ ಕೇಳು," ಎಂದ ಮೈದುನ. "ಒಬ್ಬ ವಕೀಲರು ಹೇಳಿದ್ದು. ಅವರದ್ದೇ ಕೂದಲು."

"ವಕೀಲರ ತಲೆ ಬೋಳು ಅಂದಿದ್ದೆಯಲ್ಲೋ," ಎಂದರು ಅತ್ತೆ.

"ಸುತ್ತ ಇದೆ ಅಮ್ಮ."

ಸೊಸೆಗೆ ಅಳು ಬರುವುದರಲ್ಲಿತ್ತು, ವಕೀಲರ ಸುತ್ತಲ ಕೂದಲು ಅಡ್ಡ ಬಂದು ನಗು ಬಂದುಬಿಟ್ಟಿತು. ಆದರೂ ಬಿಡಲಿಲ್ಲ. "ಕೇಳಿ. ನಾಳೆಯಿಂದ ಪಾತಿಯನ್ನ ಯಾರೂ ಮುಟ್ಟಬೇಡಿ. ಒಳ್ಳೇದಕ್ಕೂ ಬೇಡ, ಕೆಟ್ಟದ್ದಕ್ಕೂ ಬೇಡ. ಮೇಲಿನ ಮಣ್ಣು ಅಷ್ಟೂ ತೆಗೀತೀನಿ, ಮತ್ತೆ ಬಿತ್ತುತೀನಿ."

"ಗೋಡೆ ಸೊಂಟದವರೆಗೆ ಬಂದಿದೆಯಲ್ಲಮ್ಮ," ಎಂದರು ಮಾವ ಮೆಲ್ಲಗೆ. ಅದೇ ಅವಳ ಚಿಂತೆಯೂ ಆಗಿತ್ತು.

ಕೆಟ್ಟ ಮಣ್ಣನ್ನೆಲ್ಲ ಬಾಚಿ, ಹೊಸ ಗೋಡೆ ಏಳುತ್ತಿದ್ದ ಮೂಲೆಗೆ ಸುರಿದಳು. ಅಡಿಯ ಮಣ್ಣು ಚೆನ್ನಾಗಿಯೇ ಇತ್ತು. ಮೇಸ್ತ್ರಿಯ ಹತ್ತಿರ ಎರಡು ಬಾಂಡ್ಲಿ ಮರಳು ಕೇಳಿ ಬೆರೆಸಿ, ಕೊಡಗಟ್ಟಲೆ ನೀರು ಸುರಿದು ಉಳಿದ ಖಾರವನ್ನು ತೊಳೆದು, ಮಣ್ಣು ಮತ್ತೆ ಮುಷ್ಟಿಯಲ್ಲಿ ಉಂಡೆಯಾಗಿ ಉದುರುವವರೆಗೆ ಕಾದು, ಈ ಸಲ ಗೊಬ್ಬರವನ್ನು ಇನ್ನೂ ಕಡಿಮೆ ಮಾಡಿ ಬಿತ್ತಿದಳು. ಎದ್ದು ನಿಂತಾಗ ಹಿಂದೆ ಮಾವ ಇದ್ದರು, ಕೈಯಲ್ಲಿ ಅದೇ ಡಬ್ಬಿ.

"ಆ ಗುಡ್ಡೆಗಾದ್ರೂ ಹಾಕಬಹುದಾ?" ಕೇಳಿದರು, ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವರ ಹಾಗೆ.

"ಅದಕ್ಕೆ ಏನು ಬೇಕಾದ್ರೂ ಹಾಕ್ಕೊಳ್ಳಿ ಮಾವ," ಎಂದಳು ಸಾಕಾಗಿ.

ಅಂದಿನಿಂದ ಮನೆಯವರ ಕೈಗೆ ಒಂದು ದಾರಿ ಸಿಕ್ಕಿತು. ಬೂದಿ, ಕೂದಲು, ಮೊಟ್ಟೆ ಸಿಪ್ಪೆ, ಕೋಳಿ ಹಿಕ್ಕೆ, ತರಕಾರಿ ತೊಳೆದ ನೀರು, ಕುಂಬಳಕಾಯಿಯ ತಿರುಳು, ಟೀ ಚರಟ ಎಲ್ಲವೂ ಗುಡ್ಡೆ ಸೇರತೊಡಗಿತು. ಸೊಸೆ ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ಅವಳ ಕಣ್ಣೆಲ್ಲ ಗೋಣಿತಾಟಿನ ಮೇಲೆ, ಕಿವಿಯೆಲ್ಲ ಗೋಡೆ ಕಟ್ಟುವ ಸದ್ದಿನ ಮೇಲೆ.

ಗೋಡೆ ಮಾತ್ರ ಏಕೋ ನಿಧಾನವಾಯಿತು. ಅತ್ತೆ ಬೆಳಗ್ಗೆ ಒಮ್ಮೆ, ಬಿಸಿಲೇರಿದಾಗ ಒಮ್ಮೆ, ಇಳಿದಾಗ ಇನ್ನೊಮ್ಮೆ ಗಾರೆಯವರಿಗೆ ಟೀ ಕೊಡುತ್ತಿದ್ದರು, ಸಣ್ಣ ಲೋಟದಲ್ಲಲ್ಲ. ಗಂಡ ಬೇಕರಿಯಿಂದ ಬನ್ನು ತಂದ. ಮಾವ ಮರಳಿನ ಗುಡ್ಡೆಯ ಮೇಲೆ ಕೂತು, ಇಳಿಜಾರಿನಲ್ಲಿ ಬ್ರೇಕು ಹಿಡಿಯದ ಬಸ್ಸಿನ ಕಥೆ ಹೇಳುತ್ತಿದ್ದರು. ಬಸ್ಸು ಇಳಿಜಾರು ಇಳಿಯುವಷ್ಟರಲ್ಲಿ ಗಾರೆ ಗಟ್ಟಿಯಾಗಿ, ಮತ್ತೆ ಕಲಸಬೇಕಾಗುತ್ತಿತ್ತು. ಮೈದುನ ಮೇಸ್ತ್ರಿಯನ್ನು ಅಂಗಡಿಗೇ ಎತ್ತಿಕೊಂಡು ಹೋಗಿ ತಲೆಗೆ ಎಣ್ಣೆ ತಿಕ್ಕಿ ಕಳಿಸಿದ; ಆತ ಮರಳಿ ಬಂದು ಗೋಡೆಗೊರಗಿ ನಿದ್ದೆ ಹೊಡೆದ.

"ಇದು ಮೋಸ ಅಲ್ವೇನೋ?" ಎಂದು ಸೊಸೆ ಮೈದುನನನ್ನು ಕೇಳಿದಳು.

"ಮನುಷ್ಯನ ತಲೆ ತಂಪು ಮಾಡೋದು ಮೋಸಾನಾ ಅತ್ತಿಗೆ? ನಾನು ವೃತ್ತಿ ಮಾಡ್ತಿದೀನಿ."

ಎಷ್ಟು ನಿಧಾನವಾದರೂ ಗೋಡೆ ಮುಗಿಯುವ ದಿನ ಮುಗಿಯಿತು. ಬೆಳಗ್ಗೆ ಅವಳು ಗೋಣಿ ಎತ್ತಿ ನೋಡಿದಳು. ಒದ್ದೆ ಮಣ್ಣು, ನಯವಾದ ಮಣ್ಣು, ಬರೀ ಮಣ್ಣು. ಹೊರಗೆ ಸಿಮೆಂಟಿನ ಚೀಲ ಇಳಿಸುವ ಸದ್ದಾಯಿತು. ಮನೆ ಒಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೆಟ್ಟಿಲು ಇಳಿದು ಹಿತ್ತಲಿಗೆ ಬಂದರು. ಹಿಂದೆ ಮೇಸ್ತ್ರಿ ಸಲಿಕೆ ಹಿಡಿದು, ಯಾರ ಮುಖವನ್ನೂ ನೋಡಲಾಗದೆ ನಿಂತಿದ್ದ. ಅಷ್ಟು ಟೀ ಕುಡಿದಿದ್ದ ಪಾಪ.

"ಏನಮ್ಮಾ, ಬಂತಾ?"

ಸುಳ್ಳು ಹೇಳಬಹುದಿತ್ತು. ನಾಳೆ ಬರುತ್ತೆ ಎನ್ನಬಹುದಿತ್ತು. ದಿನವೂ ಕೊಳೆತದ್ದನ್ನು ಕೊಳೆತದ್ದು ಎಂದು ಹೇಳಿ ರೂಢಿಯಾದ ನಾಲಿಗೆ ಹೊರಳಲಿಲ್ಲ. "ಇಲ್ಲಮ್ಮ. ಬಂದಿಲ್ಲ."

ಹಿತ್ತಲ ಬಾಗಿಲಲ್ಲಿ ನಾಲ್ಕೂ ಜನ ನಿಂತಿದ್ದರು. ಮಾವ ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದಿದ್ದರು, ಇನ್ನೇನು ಬಸ್ಸು ಹೊರಡುತ್ತದೆ ಎಂಬಂತೆ.

ಮನೆ ಒಡತಿ ಪಾತಿಯನ್ನು ನೋಡಿದರು. ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು ಬೆರಳಲ್ಲಿ ಉಜ್ಜಿದರು. ಆಮೇಲೆ ಅವರ ಕಣ್ಣು ಮೂಲೆಗೆ ಹೋಯಿತು. "ಅದೇನದು?"

ಗುಡ್ಡೆ ಕಾಣುತ್ತಿರಲಿಲ್ಲ. ಗುಡ್ಡೆಯ ಮೇಲೆ ಮೊರದಗಲದ ಎಲೆಗಳು ಒಂದರ ಮೇಲೊಂದು ಮಲಗಿದ್ದವು. ತೋರುಬೆರಳಿನಷ್ಟು ದಪ್ಪದ ಬಳ್ಳಿ ಹರಕು ಬಕೆಟ್ಟನ್ನು ನುಂಗಿ, ಮುರುಕು ಕುರ್ಚಿಯ ಮೇಲೆ ಏರಿ ಕೂತು, ಅಲ್ಲಿಂದ ಪಕ್ಕದವರ ಹೊಸ ಗೋಡೆಗೆ ಆಗಲೇ ಒಂದು ಕೈ ಹಾಕಿತ್ತು. ನಡುವೆ ಅಂಗೈಯಗಲದ ಹಳದಿ ಹೂವು. ವಾರಗಳಿಂದ ಬೆನ್ನು ಹಾಕಿ ಕೂತಿದ್ದ ಸೊಸೆಯೂ ಈಗಲೇ ಅದನ್ನು ಸರಿಯಾಗಿ ನೋಡಿದ್ದು.

"ಕುಂಬಳ," ಎಂದರು ಅತ್ತೆ, ತುಂಬಾ ಸಣ್ಣ ದನಿಯಲ್ಲಿ.

"ಅದು ನಾನು ಹಾಕಿದ್ದಲ್ಲಮ್ಮ," ಎಂದಳು ಸೊಸೆ. "ಅಲ್ಲಿ ಹಾಳು ಮಣ್ಣು ಸುರಿದಿದ್ದೆ, ಅಷ್ಟೇ."

"ಮತ್ತೆ ಯಾರು ಹಾಕಿದ್ದು?"

"ನಾನು ಹಾಕಿದ್ದು ತಿರುಳು," ಎಂದರು ಅತ್ತೆ. "ಅದು ಮೊಳೆತಿದ್ದು ನನ್ನ ಡಬ್ಬಿಯಿಂದ," ಎಂದರು ಮಾವ. "ಕೂದಲಿಲ್ಲದಿದ್ರೆ ಗುಡ್ಡೆಯಲ್ಲಿ ತೇವಾನೇ ನಿಲ್ತಿರಲಿಲ್ಲ," ಎಂದ ಮೈದುನ. ಗಂಡ ಖಾಲಿ ಬೂದಿ ಡಬ್ಬವನ್ನು ಎತ್ತಿ ತೋರಿಸಿದ.

ಮನೆ ಒಡತಿ ಎಲ್ಲರನ್ನೂ ಒಮ್ಮೆ ನೋಡಿದರು. ಹೂವನ್ನು ಇನ್ನೊಮ್ಮೆ. "ಹಸಿರು ಕಂಡರೆ ಮುಟ್ಟಲ್ಲ ಅಂದಿದ್ದೆ ತಾನೇ. ಇದನ್ನ ಹಸಿರಲ್ಲ ಅಂದರೆ ನನ್ನ ಕಣ್ಣು ತೋರಿಸ್ಕೊಂಡು ಬರಬೇಕು." ಮೇಸ್ತ್ರಿಯತ್ತ ತಿರುಗಿದರು. "ಚೀಲ ವಾಪಸ್ ಎತ್ತಯ್ಯ."

"ಸ್ಕೂಟರ್ ಅಮ್ಮ?"

"ಗೇಟಿನ ಹತ್ರ ನಿಲ್ಲಲಿ. ಅಳಿಯ ಏನು ದಿನಾ ಬರ್ತಾನಾ. ಬಂದರೂ ಒಂದು ಕಾಯಿ ಕಳಿಸಿದ್ರೆ ಸುಮ್ಮನಾಗ್ತಾನೆ." ಎರಡು ಮೆಟ್ಟಿಲು ಹತ್ತಿ ನಿಂತು, "ಮೊದಲನೇ ಕಾಯಿ ನಂದು," ಎಂದು ಸೇರಿಸಿದರು.

ಮೇಸ್ತ್ರಿ ಎರಡು ಚೀಲವನ್ನು ಒಟ್ಟಿಗೇ ಹೆಗಲಿಗೇರಿಸಿ, ಮದುವೆ ಮನೆಯಿಂದ ಹೊರಟವನಂತೆ ನಗುತ್ತಾ ಹೋದ.

ಆಮೇಲೆ ಮನೆಯ ಯಾರಿಗೂ ಬೇರೆ ಕೆಲಸವೇ ಉಳಿಯಲಿಲ್ಲ. ಬಳ್ಳಿಗೆ ಚಪ್ಪರ ಬೇಕೆಂದು ಮಾವ, ಬೇಡ ನೆಲದಲ್ಲೇ ಹರಿಯಲಿ ಎಂದು ಅತ್ತೆ. ಹೂವಿನಲ್ಲಿ ಗಂಡು ಯಾವುದು ಹೆಣ್ಣು ಯಾವುದು ಎಂದು ಮೈದುನ ದಿನಕ್ಕೊಬ್ಬ ಗಿರಾಕಿಯ ಮಾತು ತಂದು ಒಪ್ಪಿಸುತ್ತಿದ್ದ. ಗಂಡ ರಜೆ ಹಾಕಿ, ಬೇಕರಿಯ ಹಳೆಯ ತಟ್ಟೆಗಳನ್ನು ಕಾಯಿಯ ಅಡಿಗೆ ಇಡಲು ಬಡಿದು ಸಪಾಟು ಮಾಡುತ್ತಾ ಕೂತ. ಕಾಯಿ ಇನ್ನೂ ಬಿಟ್ಟಿರಲಿಲ್ಲ.

ಅಂಥದೊಂದು ಬೆಳಗ್ಗೆ ಸೊಸೆ ಕೆಲಸಕ್ಕೆ ಹೊರಡುವ ಮೊದಲು ಪಾತಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಗೋಣಿಯ ಅಂಚು ಎತ್ತಿದಳು. ದಾರದೆಳೆಯಷ್ಟು ಸಣ್ಣಗೆ, ಬಾಗಿದ ಬೆನ್ನನ್ನು ಈಗಷ್ಟೇ ನೆಟ್ಟಗೆ ಮಾಡುತ್ತಾ, ಒಂದು ಗೆರೆ ಹಸಿರು ನಿಂತಿತ್ತು. ತುದಿ ಕಂದಾಗಿರಲಿಲ್ಲ. ಮೂಸಿದಳು, ಬರೀ ಮಣ್ಣಿನ ವಾಸನೆ.

ಹಿಂದೆ, ಮೂಲೆಯಲ್ಲಿ, ಚಪ್ಪರದ ಗಳದ ಎತ್ತರದ ಬಗ್ಗೆ ವಾದ ಜೋರಾಗಿ ನಡೆದಿತ್ತು.

"ಏನು ನೋಡ್ತಿದೀಯ ಇನ್ಸ್‌ಪೆಕ್ಟರಮ್ಮ, ಬಂತೇನು?" ಮೈದುನ ಬಳ್ಳಿಯ ಕಡೆಯಿಂದಲೇ ಕೂಗಿದ.

"ಏನಿಲ್ಲ. ನೀವು ಗಳ ನೆಡಿ," ಎಂದಳು.

ಗೋಣಿಯನ್ನು ಪಕ್ಕಕ್ಕೆ ಸರಿಸಿ, ಅವುಗಳಿಗೆ ಬೆಳಕು ಬಿಟ್ಟು, ಕೈ ತೊಳೆಯದೆಯೇ ಕೆಲಸಕ್ಕೆ ಹೊರಟಳು.